ನೆಟ್ಟಗೆ ನಿಂತ ಮೊಹರು

"ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ," ಎಂದೆ.

ಉಶಿಯಾಮ ಕೇಇತ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಮಸಿಪೆನ್ನನ್ನು ಕೆಳಗಿಡಲೂ ಇಲ್ಲ.

"ಓದಿದ್ದೀನಿ, ಕುರೆಬಾಯಾಶಿ-ಸಾನ್. ಕಣ್ಣು ಮುಚ್ಚಿದ್ರೂ ಕಾಣೋಷ್ಟು ಸಲ ಓದಿದ್ದೀನಿ."

"ಹಾಗಾದ್ರೆ ಕಣ್ಣು ಮುಚ್ಕೊಂಡೇ ಹೇಳಿ."

"ಮೊದಲನೇದು ವಾರ್ಡಿಗೆ ಹೋದ ಹಾಳೆ. ಎರಡನೇದು ಔಷಧಿ ವಿಭಾಗಕ್ಕೆ ಹೋದದ್ದು. ರೋಗಿ ಒಬ್ರೇ, ದಿನ ಒಂದೇ, ನಿಮಿಷವೂ ಒಂದೇ. ಎರಡನೇದ್ರಲ್ಲಿ ಒಂದು ಸಾಲು ಜಾಸ್ತಿ ಇದೆ."

"ಏನು ಸಾಲು?"

ಪೆನ್ನು ನಿಂತಿತು. "ಈ ರೋಗಿಗೆ ಪೆನಿಸಿಲಿನ್ ಜಾತಿಯ ಔಷಧಿ ಆಗೋದಿಲ್ಲ, ಕೊಡಬೇಡಿ ಅಂತ."

ಆ ಸಾಲು ವಾರ್ಡಿನ ಹಾಳೆಯಲ್ಲಿ ಇರಲಿಲ್ಲವಾದ್ದರಿಂದಲೇ, ಹದಿಮೂರು ದಿನಗಳ ಹಿಂದೆ, ಕಾಲಿನ ಗಾಯಕ್ಕೆಂದು ಆಸ್ಪತ್ರೆ ಸೇರಿದ್ದ ನಿವೃತ್ತ ಟ್ರಾಮ್ ಚಾಲಕ ತೊಕುನಾಗ ಇಸಾಮು ಒಂದೇ ಒಂದು ಇಂಜೆಕ್ಷನ್ನಿನಿಂದ ತೀರಿಕೊಂಡರು. ಅಂದು ಶನಿವಾರ. ಔಷಧಿ ವಿಭಾಗಕ್ಕೆ ಬಾಗಿಲು ಹಾಕಿತ್ತು. ನರ್ಸ್ ವಾರ್ಡಿನ ಕಪಾಟಿನಿಂದಲೇ ಔಷಧಿ ತೆಗೆದು, ತನ್ನ ಹಾಳೆಯನ್ನು ಎರಡು ಸಲ ನೋಡಿ, ಕೊಟ್ಟಿದ್ದಳು. ಎಚ್ಚರಿಕೆಯ ಸಾಲು ಯಾರೂ ಇಲ್ಲದ ಕೋಣೆಯಲ್ಲಿ ಕೂತಿತ್ತು.

ಆ ಹಾಳೆಗಳನ್ನು ಹುಟ್ಟಿಸುವ ಪ್ರೋಗ್ರಾಮ್ ಬರೆದವನು, ಅದರಲ್ಲಿ ತಪ್ಪು ಮಾಡಿದವನು ನನ್ನೆದುರು ಕೂತಿದ್ದ ಈ ಇಪ್ಪತ್ತೇಳರ ಉಶಿಯಾಮ ಎಂದು ಕಂಪನಿ ಹೇಳುತ್ತಿತ್ತು. ಅವನೂ ಹೌದು ಎನ್ನುತ್ತಿದ್ದ. ಅವನು ಅಷ್ಟು ಬೇಗ ಹೌದು ಎಂದದ್ದೇ ನನಗೆ ಸರಿಬರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಎರಡು ಇಪ್ಪತ್ತು. ನಾಲ್ಕು ಗಂಟೆಗೆ ಕಂಪನಿಯ ಹಿರಿಯರೆಲ್ಲ ಸಾಲಾಗಿ ನಿಂತು ತೊಕುನಾಗರ ಹೆಂಡತಿಯ ಮುಂದೆ ಕ್ಷಮೆ ಕೇಳಿ ಸೊಂಟ ಬಗ್ಗಿಸುವವರಿದ್ದರು. ಆಗ ಉಶಿಯಾಮ ತನ್ನ ಕೈಯಾರೆ ಬರೆದ ತಪ್ಪೊಪ್ಪಿಗೆಯನ್ನು ಓದಿ ಸಹಿ ಹಾಕಬೇಕು. ಸಹಿ ಬಿದ್ದ ಪತ್ರ ಪೊಲೀಸರಿಗೆ ಹೋಗುತ್ತದೆ. ಅಜಾಗರೂಕತೆಯಿಂದ ಒಂದು ಜೀವ ತೆಗೆದವನು ಎಂಬ ಹೆಸರು ಅಲ್ಲಿಂದ ಮುಂದೆ ಅವನು ಬದುಕಿರುವವರೆಗೂ ಬೆನ್ನು ಬಿಡುವುದಿಲ್ಲ.

ಇಂಥ ಪತ್ರವನ್ನು ಟೈಪ್ ಮಾಡುವಂತಿಲ್ಲ. ಕೈಯಲ್ಲೇ ಬರೆಯಬೇಕು, ಒಂದು ಗೆರೆ ಅಳ್ಳಾಡಿದರೂ ಹೊಸ ಹಾಳೆ. ಅವನು ಬರೆಯುತ್ತಿದ್ದದ್ದು ಐದನೆಯದು. ಕಸದ ಬುಟ್ಟಿಗೆ ಬಿದ್ದಿದ್ದ ನಾಲ್ಕನ್ನೂ ನಾನು ಎತ್ತಿ ಓದಿದ್ದೆ. ಮೊದಲೆರಡರಲ್ಲಿ "ನನ್ನ ತಪ್ಪಿನಿಂದ" ಎಂದಿತ್ತು. ಮೂರನೆಯದರಿಂದ "ಬೇರೆ ಯಾರಿಗೂ ಸಂಬಂಧವಿಲ್ಲದ, ಕೇವಲ ನನ್ನೊಬ್ಬನ ತಪ್ಪಿನಿಂದ" ಎಂದಾಗಿತ್ತು. ಯಾರೋ ತಿದ್ದಿ ವಾಪಸ್ಸು ಕೊಟ್ಟಿದ್ದರು.

ತೊಕುನಾಗರ ಹೆಂಡತಿ ಸಯೊಕೊ ಆಗಲೇ ಬಂದು ಕಾರಿಡಾರಿನ ಕೊನೆಯ ಅತಿಥಿ ಕೋಣೆಯಲ್ಲಿ ಕೂತಿದ್ದರು. ನನ್ನನ್ನು ಈ ಕೆಲಸಕ್ಕೆ ಕರೆದವರು ಅವರೇ. ನಾನು ಇದೇ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಪ್ರೋಗ್ರಾಮ್ ಬರೆದವಳು. ಬಿಟ್ಟ ಮೇಲೆ, ಬೇರೆಯವರ ಪ್ರೋಗ್ರಾಮುಗಳು ಎಲ್ಲಿ ಮುರಿದವು, ಯಾರ ಕೈಯಲ್ಲಿ ಮುರಿದವು ಎಂದು ಹುಡುಕಿಕೊಡುವುದೇ ಕಸುಬಾಗಿದೆ. ಮೊದಲ ದಿನ ಸಯೊಕೊ ನನಗೆ ಹೇಳಿದ್ದು ಇಷ್ಟೇ.

"ಬಗ್ಗಿದ ತಲೆ ನೋಡಿ ನಾನೇನು ಮಾಡ್ಲಿ? ನಮ್ಮೆಜಮಾನ್ರು ಮೂವತ್ತೆಂಟು ವರ್ಷ ಟ್ರಾಮ್ ಓಡಿಸಿದ್ರು. ಒಂದೊಂದು ಸಿಗ್ನಲ್ಲಿಗೂ ಬೆರಳು ತೋರಿಸಿ, ಸರಿ ಇದೆ ಅಂತ ಬಾಯ್ಬಿಟ್ಟು ಹೇಳಿ ಮುಂದಕ್ಕೆ ಹೋಗ್ತಿದ್ರು. ಮನೆಯಿಂದ ಹೊರಡೋವಾಗ ಗ್ಯಾಸ್ ಒಲೆಗೂ ಹಾಗೇ ಹೇಳೋರು, ನಾನು ನಗ್ತಿದ್ದೆ. ಅವರಿಗೆ ಏನಾಯ್ತು ಅಂತ ಯಾರಾದ್ರೂ ಹಾಗೇ ಬೆರಳು ತೋರಿಸಿ ಹೇಳ್ಬೇಕು. ಅಷ್ಟು ಸಾಕು ನನಗೆ."

ಅಳದೆ ಹೇಳಿದ್ದರು.

"ಲ್ಯಾಪ್‌ಟಾಪ್ ಈ ಕಡೆ ತಿರುಗಿಸಿ," ಎಂದೆ ಉಶಿಯಾಮನಿಗೆ. "ಮಾರ್ಚ್ ಆರು, ಶುಕ್ರವಾರ ಸಂಜೆ ನೀವು ಮನೆಗೆ ಹೋದಾಗ ಪ್ರೋಗ್ರಾಮ್ ಹೇಗಿತ್ತೋ ಹಾಗೇ ಓಡ್ಸಿ."

"ಅದು ಓಡಲ್ಲ. ಅರ್ಧ ಮಾತ್ರ ಬರೆದಿದ್ದೆ."

"ಹೇಗೆ ಮುಗ್ಗರಿಸುತ್ತೆ ಅಂತ ನೋಡೋಣ."

ಆಸ್ಪತ್ರೆಯ ಕಂಪ್ಯೂಟರುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಎಕ್ಸ್‌ಎಂಎಲ್ ಎಂಬ ಕಡತಗಳ ಮೂಲಕ. ಅದರಲ್ಲಿ ಭಾರೀ ಗುಟ್ಟೇನಿಲ್ಲ. ದೊಡ್ಡ ಡಬ್ಬಿಯೊಳಗೆ ಸಣ್ಣ ಡಬ್ಬಿಗಳು, ಅವುಗಳೊಳಗೆ ಇನ್ನೂ ಸಣ್ಣವು. ಒಂದೊಂದರ ಮೇಲೂ ಹೆಸರಿನ ಚೀಟಿ. ರೋಗಿ ಎಂಬ ಡಬ್ಬಿಯೊಳಗೆ ವಯಸ್ಸು, ತೂಕ, ಔಷಧಿ. ಅಲರ್ಜಿ ಇದ್ದವರಿಗೆ ಅದಕ್ಕೊಂದು ಡಬ್ಬಿ. ಪ್ರೋಗ್ರಾಮ್ ಆ ಡಬ್ಬಿಗಳನ್ನು ಮಾಡಿ, ಜೋಡಿಸಿ, ಮುಚ್ಚಿ ಕಳಿಸುತ್ತದೆ.

ಉಶಿಯಾಮ ಹಳೆಯದನ್ನು ಓಡಿಸಿದ. ಪರದೆ ಕೆಂಪಾಯಿತು. ಈ ತುಣುಕು ಬೇರೊಂದು ಕಡತಕ್ಕೆ ಸೇರಿದೆ, ಇಲ್ಲಿ ಸೇರಿಸಲಾಗದು ಎಂಬ ದೂರು. ಎರಡು ಹಾಳೆಗಳಲ್ಲಿ ಒಂದೂ ಹುಟ್ಟಲಿಲ್ಲ.

"ವಾರ್ಡಿನ ಕಡತಕ್ಕೆ ಅಂತ ಅಲರ್ಜಿ ಡಬ್ಬಿ ಮಾಡಿ ಇಟ್ಟಿದ್ರಿ. ಅದನ್ನೇ ಎತ್ತಿ ಔಷಧಿ ವಿಭಾಗದ ಕಡತಕ್ಕೂ ಹಾಕೋಕೆ ಹೋದ್ರಿ. ಅಲ್ವಾ?"

"ಹೌದು. ಔಷಧಿ ವಿಭಾಗಕ್ಕೂ ಆ ಸಾಲು ಬೇಕು ಅಂತ ಶುಕ್ರವಾರ ಮಧ್ಯಾಹ್ನ ಕೇಳಿದ್ರು. ಈ ತಪ್ಪು ಬಂತು. ಸೋಮವಾರ ನೋಡೋಣ ಅಂತ ಹಾಗೇ ಬಿಟ್ಟೆ."

"ಸೋಮವಾರ ಏನು ಮಾಡ್ಬೇಕು ಅಂತಿದ್ರಿ?"

"ನಕಲು ತೆಗೆಯೋದು. ಈ ಡಬ್ಬಿ ಇಲ್ಲೇ ಇರಲಿ, ಇಂಥದ್ದೇ ಇನ್ನೊಂದನ್ನ ಆ ಕಡತದೊಳಗೆ ಮಾಡು ಅನ್ನೋ ಆಜ್ಞೆ ಇದೆಯಲ್ಲ."

ಕೇಳಿದ ತಕ್ಷಣ ಬಂದ ಉತ್ತರ, ಅದೂ ಸರಿಯುತ್ತರ. ನಾನು ಅವನ ಮುಖವನ್ನೇ ನೋಡಿದೆ. ಅವನಿಗೂ ತಾನು ಏನು ಹೇಳಿಬಿಟ್ಟೆ ಎಂದು ಗೊತ್ತಾಗಿ ಕಿವಿ ಕೆಂಪಾಯಿತು.

ಯಾಕೆಂದರೆ ಸೋಮವಾರ ಪ್ರೋಗ್ರಾಮಿಗೆ ಸೇರಿದ ಸಾಲು ನಕಲಿನದಾಗಿರಲಿಲ್ಲ. ಆ ಕೆಂಪಿನ ಬಾಯಿ ಮುಚ್ಚಿಸಲು ಇನ್ನೊಂದು ಆಜ್ಞೆಯೂ ಇದೆ, ಅದರ ಹೆಸರು ದತ್ತು. ಈ ತುಣುಕನ್ನು ಆ ಕಡತಕ್ಕೆ ದತ್ತು ಕೊಡು ಎಂದರೆ ಕಂಪ್ಯೂಟರ್ ಮರುಮಾತಾಡದೆ ಕೊಟ್ಟುಬಿಡುತ್ತದೆ. ದೂರಿಲ್ಲ, ಕೆಂಪಿಲ್ಲ. ಆದರೆ ದತ್ತು ಹೋದ ಮಗು ಹುಟ್ಟಿದ ಮನೆಯಲ್ಲಿ ಉಳಿಯುವುದಿಲ್ಲ. ವಾರ್ಡಿನ ಕಡತದಿಂದ ಅಲರ್ಜಿ ಡಬ್ಬಿ ಎದ್ದುಹೋಗಿ ಔಷಧಿ ವಿಭಾಗದ ಕಡತದಲ್ಲಿ ಕೂತಿತು. ಆಮೇಲೆ ಎರಡೂ ಹಾಳೆ ಅಚ್ಚಾದವು.

"ಸರಿಯಾದ ಆಜ್ಞೆ ಗೊತ್ತಿರೋರು ತಪ್ಪು ಆಜ್ಞೆ ಯಾಕೆ ಬರೆದ್ರಿ?"

"ಅವತ್ತು ಆತುರದಲ್ಲಿದ್ದೆ."

"ಎಲ್ಲಿ ಕೂತು ಬರೆದ್ರಿ?"

"ಇಲ್ಲೇ. ನನ್ನ ಜಾಗದಲ್ಲಿ."

ನಾನು ಚೀಲದಿಂದ ಇನ್ನೊಂದು ಕಾಗದ ತೆಗೆದೆ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಕೇಳಿ ಪಡೆದದ್ದು. ಮಾರ್ಚ್ ಒಂಬತ್ತು, ಸೋಮವಾರ, ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ನರ್ಸುಗಳಿಗೆ ಹೊಸ ಪರದೆಯ ತರಬೇತಿ. ಹೇಳಿಕೊಟ್ಟವರು: ಉಶಿಯಾಮ. ಹತ್ತೊಂಬತ್ತು ನರ್ಸುಗಳ ಸಹಿ ಕೆಳಗಿತ್ತು.

"ಬದಲಾವಣೆ ಆಗಿರೋದು ಎರಡು ಗಂಟೆ ನಲವತ್ತು ನಿಮಿಷಕ್ಕೆ. ನಿಮ್ಮ ಹೆಸರಲ್ಲಿ, ನಿಮ್ಮ ಕಂಪ್ಯೂಟರಿಂದ. ಆಗ ನೀವು ಹತ್ತೊಂಬತ್ತು ಜನ ಹೆಂಗಸರ ಮುಂದೆ ನಿಂತು ಪಾಠ ಮಾಡ್ತಿದ್ರಿ."

"ಅಲ್ಲಿಂದಲೇ..."

"ಅಲ್ಲಿಂದ ಇಲ್ಲಿಗೆ ದಾರಿಯೇ ಇಲ್ಲ. ರೋಗಿಗಳ ವಿವರ ಇರೋ ಯಂತ್ರಕ್ಕೆ ಹೊರಗಿನ ಬಾಗಿಲು ಇಡಬಾರದು ಅಂತ ಹಟ ಹಿಡಿದು ಮುಚ್ಚಿಸಿದವಳು ನಾನೇ."

ಉಶಿಯಾಮ ಪೆನ್ನಿನ ತುದಿ ನೋಡುತ್ತಾ ಕೂತ. ಕೆಳಗೆ ಬೀದಿಯಲ್ಲಿ ಟ್ರಾಮೊಂದು ತಿರುವು ತೆಗೆದುಕೊಳ್ಳುವ ಸದ್ದು ಕೇಳಿತು. ಅವನು ಮತ್ತೆ ಬರೆಯತೊಡಗಿದ.

ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಿದಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಯಾರನ್ನೋ ಕಾಪಾಡುತ್ತಿದ್ದಾನೆ ಎಂಬುದು ಸ್ಪಷ್ಟವಿತ್ತು. ಯಾರನ್ನು ಎಂದು ತಿಳಿಯಲು ನಾನು ಮೇಜಿನ ಮೇಲಿದ್ದ ಹಸಿರು ರಟ್ಟಿನ ಫೈಲನ್ನು ಎಳೆದುಕೊಂಡೆ.

ಈ ಕಂಪನಿಯಲ್ಲಿ ಪ್ರೋಗ್ರಾಮಿನ ಒಂದು ಸಾಲು ಬದಲಾದರೂ ಫಾರ್ಮ್ ತುಂಬಬೇಕು. ಫಾರ್ಮಿನ ಕೆಳಗೆ, ಸಹಿಯ ಬದಲು ಅವರವರ ಹೆಸರು ಕೆತ್ತಿದ ಮೊಹರು ಒತ್ತಲು, ಮೂರು ಚೌಕ. ಬಲತುದಿಯಲ್ಲಿ ಬರೆದವರ ಮೊಹರು, ನಡುವೆ ಪರೀಕ್ಷಿಸಿದವರದು, ಎಡತುದಿಯಲ್ಲಿ ಒಪ್ಪಿದ ವಿಭಾಗದ ಮುಖ್ಯಸ್ಥರದು. ಬರೆದವರೂ ಒಪ್ಪಿದವರೂ ಒಬ್ಬರೇ ಆಗಿರಕೂಡದು ಎಂಬುದು ನಿಯಮ.

ಇನ್ನೊಂದು ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಸೇರಿದ ಮೊದಲ ವಾರವೇ ಹೇಳಿಕೊಡುತ್ತಾರೆ. ಕೆಳಗಿನವರು ತಮ್ಮ ಮೊಹರನ್ನು ನೆಟ್ಟಗೆ ಒತ್ತಬಾರದು. ಎಡಕ್ಕೆ, ಮುಖ್ಯಸ್ಥರ ಮೊಹರಿನ ಕಡೆಗೆ, ತುಸು ವಾಲಿಸಿ ಒತ್ತಬೇಕು. ನಮ್ಮ ಹೆಸರು ಅವರ ಹೆಸರಿಗೆ ಬಗ್ಗಿ ನಮಸ್ಕರಿಸಿದ ಹಾಗೆ. ನನಗೆ ಇದನ್ನು ಮೊದಲು ಹೇಳಿದಾಗ ಮೈ ಉರಿದಿತ್ತು. ಆಮೇಲೆ ಇಪ್ಪತ್ತೆರಡು ವರ್ಷ ನಾನೂ ವಾಲಿಸಿಯೇ ಒತ್ತಿದೆ, ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಫೈಲಿನಲ್ಲಿ ಉಶಿಯಾಮನ ಮೊಹರಿದ್ದ ಫಾರ್ಮುಗಳು ನಲವತ್ತೊಂದು. ನಾನು ಒಂದೊಂದನ್ನೇ ತಿರುವಿದೆ. ವಾಲಿದೆ, ವಾಲಿದೆ, ವಾಲಿದೆ. ಜ್ವರ ಬಂದು ಮನೆಗೆ ಓಡಿದ ದಿನದ್ದೂ ವಾಲಿತ್ತು. ಕೈಗೆ ಅಷ್ಟು ಅಭ್ಯಾಸವಾಗಿಬಿಟ್ಟಿರುತ್ತದೆ.

ಮಾರ್ಚ್ ಒಂಬತ್ತರದ್ದು ಮಾತ್ರ ಕಂಬದಂತೆ ನೆಟ್ಟಗಿತ್ತು.

ನಾನು ಆ ಹಾಳೆಯ ಮೇಲೆ ಕೈಯಿಟ್ಟು ಕೂತಿದ್ದಾಗಲೇ ಬಾಗಿಲು ತೆರೆಯಿತು. ಒಳಗೆ ಬಂದವನು ಕುವಾಬರ, ಈ ವಿಭಾಗದ ಮುಖ್ಯಸ್ಥ; ಇಲ್ಲಿ ಎಲ್ಲರೂ ಕಚೋ ಎಂದೇ ಕರೆಯುತ್ತಾರೆ. ಐವತ್ತೆರಡು ವರ್ಷ, ನೀಟಾದ ಕಪ್ಪು ಸೂಟು, ನಾಲ್ಕು ಗಂಟೆಗೆಂದು ಆಗಲೇ ಕಟ್ಟಿದ ಕಪ್ಪು ಟೈ. ಇಪ್ಪತ್ತೇಳು ವರ್ಷಗಳ ಹಿಂದೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಪ್ರೋಗ್ರಾಮ್ ಕಲಿತವನು.

"ಸೆನ್‌ಪಾಯ್, ನಿಮಗೆ ಯಾರೂ ಚಹಾ ಕೂಡ ಕೊಟ್ಟಿಲ್ವಲ್ಲ," ಎಂದ. ಹಿರಿಯಳಾದ ನನ್ನನ್ನು ಇಂದಿಗೂ ಹಾಗೇ ಕರೆಯುತ್ತಾನೆ. ಆಮೇಲೆ ಉಶಿಯಾಮನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಇಲ್ಲಿ ಮಸಿ ಸ್ವಲ್ಪ ಹರಡಿದೆ. ಇನ್ನೊಂದು ಸಲ ಬರೆದುಬಿಡಿ. ಟೈಮಿದೆ."

ಉಶಿಯಾಮ ಹಾಳೆ ಮಡಿಸಿ ಬುಟ್ಟಿಗೆ ಹಾಕಿ ಹೊಸದನ್ನು ತೆಗೆದ.

ನನಗೆ ತಡೆಯಲಾಗಲಿಲ್ಲ. "ಕುವಾಬರ, ಕೂತ್ಕೊ."

"ನನಗೆ ಮೂರು ಗಂಟೆಗೆ..."

"ಕೂತ್ಕೊ ಅಂದೆ."

ಕೂತ. ನಾನು ಫೈಲನ್ನು ಅವನ ಮುಂದೆ ತಿರುಗಿಸಿದೆ.

"ಈ ಮೊಹರು ಒತ್ತಿದ್ದು ಯಾರು?"

"ಅದರ ಮೇಲೇ ಹೆಸರಿದೆಯಲ್ಲ."

"ಹೆಸರು ಯಾರದು ಅಂತ ನಾನು ಕೇಳ್ಲಿಲ್ಲ. ಒತ್ತಿದ ಕೈ ಯಾರದು?"

"ಉಶಿಯಾಮಂದು. ಅವನೇ ಒಪ್ಕೊಂಡಿದ್ದಾನೆ. ನೀವೇ ಕೇಳಿ."

"ಉಶಿಯಾಮ ಅವತ್ತು ಆಸ್ಪತ್ರೆಯಲ್ಲಿದ್ರು. ಮೊಹರು ಅವರ ಮೇಜಿನ ಡ್ರಾಯರಲ್ಲಿತ್ತು, ಎಲ್ಲರದ್ದೂ ಹಾಗೇ ಬಿದ್ದಿರುತ್ತೆ. ಪಾಸ್‌ವರ್ಡು ಪರದೆಗೆ ಅಂಟಿಸಿದ ಚೀಟಿಯಲ್ಲಿದೆ, ಈಗಲೂ ಇದೆ, ನೋಡ್ಕೊಂಡು ಬಂದೆ."

"ಹಾಗಿದ್ರೆ ವಿಭಾಗದಲ್ಲಿ ಹನ್ನೊಂದು ಜನ ಇದ್ದೀವಿ. ಯಾರು ಬೇಕಾದ್ರೂ ಆಗಿರಬಹುದಲ್ಲ."

"ಹತ್ತು ಜನ ವಾಲಿಸಿ ಒತ್ತೋರು. ನಿದ್ದೆಗಣ್ಣಲ್ಲಿ ಒತ್ತಿದ್ರೂ ವಾಲುತ್ತೆ. ನೆಟ್ಟಗೆ ಒತ್ತೋನು ನೀನೊಬ್ಬನೇ. ಹನ್ನೆರಡು ವರ್ಷದಿಂದ ಈ ಫಾರ್ಮಲ್ಲಿ ಎಡತುದಿ ನಿಂದು. ನೀನು ಯಾರಿಗೂ ವಾಲಿಸಬೇಕಾಗಿಲ್ಲ. ಬೇರೆಯವರ ಮೊಹರು ಹಿಡಿದಾಗಲೂ ನಿನ್ನ ಕೈಗೆ ಅದು ನೆನಪಾಗಲಿಲ್ಲ."

ಕುವಾಬರ ನಕ್ಕ. ನಗು ಬಾಯಿಯವರೆಗೆ ಮಾತ್ರ ಬಂತು. "ಮೊಹರು ನೆಟ್ಟಗಿದೆ ಅಂತ ಪೊಲೀಸರ ಹತ್ರ ಹೋಗ್ತೀರಾ? ಕೂರಿಸಿ ಚಹಾ ಕೊಟ್ಟು ಕಳಿಸ್ತಾರೆ ನಿಮ್ಮನ್ನ."

"ಕಳಿಸಲಿ. ಅವತ್ತು ಮೂರು ಗಂಟೆಗೆ ಇದೇ ಕೋಣೆಯಲ್ಲಿ ಆಸ್ಪತ್ರೆಯ ಆಡಳಿತದವರಿಗೆ ಪ್ರೋಗ್ರಾಮ್ ತೋರಿಸಿದವನು ನೀನು. ಮೂರಕ್ಕೆ ಇಪ್ಪತ್ತೇ ನಿಮಿಷ ಇರುವಾಗಲೂ ಪರದೆ ಕೆಂಪಾಗೇ ಇತ್ತು. ತೋರಿಸಬೇಕಾದವನಿಗಲ್ಲದೆ ಬೇರೆ ಯಾರಿಗೆ ಅಷ್ಟು ಅವಸರ? ನಾನೇ ಕೇಳ್ತಿದ್ದೀನಿ, ಪೊಲೀಸರಲ್ಲ. ನಿನಗೆ ಕೆಂಪು ಬಂದ್ರೆ ಏನು ಮಾಡ್ಬೇಕು ಅಂತ ನಾನು ಏನು ಹೇಳಿಕೊಟ್ಟಿದ್ದೆ?"

ಅವನು ಟೈನ ಗಂಟನ್ನು ಮುಟ್ಟಿಕೊಂಡ.

"ಏನು ಹೇಳಿಕೊಟ್ಟಿದ್ದೆ, ಕುವಾಬರ?"

"ಮೊದಲು ಕೈ ಕಟ್ಕೊಂಡು ಪೂರ್ತಿ ಓದು ಅಂತ."

"ಓದಿದ್ಯಾ?"

"ಓದೋಕೆ ಟೈಮೆಲ್ಲಿತ್ತು?" ಧ್ವನಿ ಒಮ್ಮೆಲೇ ಇಳಿಯಿತು. "ಹನ್ನೆರಡು ವರ್ಷದಿಂದ ನಾನು ಪ್ರೋಗ್ರಾಮ್ ಮುಟ್ಟಿಲ್ಲ. ಮೀಟಿಂಗು, ಫಾರ್ಮು, ಮತ್ತೆ ಮೀಟಿಂಗು. ಅವರು ಕೆಳಗೆ ಲಿಫ್ಟ್ ಹತ್ರ ಬಂದಾಗಿತ್ತು. ಹುಡುಕಿದೆ, ಎರಡು ಆಜ್ಞೆ ಕಾಣಿಸ್ತು. ಒಂದನ್ನ ಹಾಕಿದೆ, ಕೆಂಪು ಹೋಯ್ತು. ಎರಡೂ ಹಾಳೆ ಬಂತು. ಪರೀಕ್ಷೆಗೂ ಹಾಕಿದೆ, ಪಾಸಾಯ್ತು. ಪಾಸಾಯ್ತು, ಸೆನ್‌ಪಾಯ್."

"ಆಗೇ ಆಗುತ್ತೆ. ಅಲರ್ಜಿ ಇಲ್ಲದವರ ಹಾಳೆಯಲ್ಲಿ ಆ ಡಬ್ಬಿಯೇ ಇರಲ್ಲ. ಇದ್ದದ್ದು ಸರಿಯಾಗಿದ್ಯಾ ಅಂತ ಪರೀಕ್ಷೆ ನೋಡುತ್ತೆ. ಇರಬೇಕಾದ್ದು ಇಲ್ಲ ಅಂತ ಅದಕ್ಕೆ ಯಾರು ಹೇಳ್ಬೇಕು?"

ಅವನು ಪಕ್ಕಕ್ಕೆ ಸರಿಸಿದ ಫಾರ್ಮನ್ನು ನಾನು ಮತ್ತೆ ಅವನ ಮುಂದಿಟ್ಟೆ.

"ಬರೆದವರ ಚೌಕದಲ್ಲಿ ನಿನ್ನ ಮೊಹರು ಹಾಕೋ ಹಾಗಿರಲಿಲ್ಲ. ಒಪ್ಪಿದವನೂ ನೀನೇ. ಅದಕ್ಕೆ ಅವರ ಡ್ರಾಯರ್ ತೆಗೆದೆ."

"ಒಂದು ಫಾರ್ಮು," ಎಂದ ಕುವಾಬರ. "ಒಂದು ಫಾರ್ಮು ಅಷ್ಟೇ ಅಂದ್ಕೊಂಡೆ. ಆ ಮನುಷ್ಯ ಸಾಯ್ತಾರೆ ಅಂತ ನಾನು ಕನಸಲ್ಲೂ..." ಎರಡೂ ಕೈ ಮೇಜಿನ ಮೇಲಿಟ್ಟು ಹಣೆ ತಗ್ಗಿಸಿದ.

ನನಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಈ ಕೈಗಳು ಕೀಲಿಮಣೆ ಮುಟ್ಟಲು ಹೆದರುತ್ತಿದ್ದ ದಿನಗಳನ್ನು ನಾನು ಕಂಡವಳು. ಆದರೆ ಆ ಹೊತ್ತಿನಲ್ಲಿ ಕನಿಕರಕ್ಕೆ ಜಾಗವಿರಲಿಲ್ಲ.

"ಉಶಿಯಾಮ-ಸಾನ್, ಕೇಳಿಸ್ಕೊಂಡ್ರಲ್ಲ. ಪೆನ್ನು ಕೆಳಗಿಡಿ. ಸಹಿ ಹಾಕೋದು ಬೇಡ."

ಪೆನ್ನು ನಿಲ್ಲಲಿಲ್ಲ. ಹೊಸ ಹಾಳೆಯಲ್ಲಿ ಅವನು ಆಗಲೇ ನಾಲ್ಕನೆಯ ಸಾಲಿಗೆ ಬಂದಿದ್ದ.

"ಉಶಿಯಾಮ-ಸಾನ್."

"ನಾನು ಸಹಿ ಹಾಕ್ತೀನಿ."

"ಯಾಕೆ? ಮಾಡಿದವನು ಇಲ್ಲೇ ಕೂತು ಒಪ್ಕೊಂಡಿದ್ದಾನೆ."

"ಗೊತ್ತಿತ್ತು. ಮೊದಲಿಂದ ಗೊತ್ತಿತ್ತು ನನಗೆ," ಎಂದ ಉಶಿಯಾಮ. "ಆದ್ರೂ ಇವತ್ತು ಸಹಿ ಬೀಳ್ಬೇಕು. ಬೀಳದಿದ್ರೆ ಸೋಮವಾರದ್ದು ಆಗೋದಿಲ್ಲ."

"ಸೋಮವಾರ ಏನಿದೆ?"

"ಉಶಿಯಾಮ," ಎಂದ ಕುವಾಬರ. ಹಣೆ ಎತ್ತಿದ್ದ. ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ, ಆದರೆ ಈ ಕಟ್ಟಡದಲ್ಲಿ ಅಷ್ಟು ಸಾಕು. ಉಶಿಯಾಮನ ತುಟಿಗಳು ಮುಚ್ಚಿಕೊಂಡವು.

ಇಲ್ಲಿ ಕಚೋನನ್ನು ದಾಟಿ ಯಾರೂ ಒಂದು ಮಾತೂ ಹೊರಗೆ ಹಾಕುವುದಿಲ್ಲ. ಮೊದಲು ಅವರಿಗೆ ಹೇಳಬೇಕು, ಅವರು ಹೇಳು ಎಂದ ಮೇಲೆ ಹೇಳಬೇಕು. ಅವರು ಕಾಯು ಎಂದರೆ ಕಾಯಬೇಕು. ಈ ಯುವಕ ತನ್ನ ಹೆಸರನ್ನು ಏನಕ್ಕೋ ಬದಲಾಗಿ ಕೊಡುತ್ತಿದ್ದಾನೆ ಎಂದು ಆಗ ಹೊಳೆಯಿತು.

"ಏನಕ್ಕೆ?" ಎಂದೆ. "ಸಹಿ ಕೊಟ್ರೆ ನಿಮಗೆ ಏನು ಕೊಡ್ತೀನಿ ಅಂದಿದ್ದಾನೆ?"

"ನನಗೇನೂ ಇಲ್ಲ."

"ಮತ್ತೆ ಯಾರಿಗೆ?"

ಆಗ ಬಾಗಿಲ ಬಳಿಯಿಂದ ಇನ್ನೊಂದು ದನಿ ಬಂತು. "ನನಗೂ ಹೇಳ್ಬೇಕು ಅದನ್ನ."

ಸಯೊಕೊ ನಿಂತಿದ್ದರು. ನಮ್ಮ ದನಿ ಕಾರಿಡಾರಿನ ಕೊನೆಯವರೆಗೂ ಹೋಗಿತ್ತೋ ಏನೋ. ಕುವಾಬರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಸೊಂಟದವರೆಗೆ ಬಗ್ಗಿದ. ಅವರು ಅವನ ಕಡೆ ನೋಡಲೇ ಇಲ್ಲ. ಉಶಿಯಾಮನ ಎದುರಿನ ಕುರ್ಚಿಯಲ್ಲಿ ಬಂದು ಕೂತರು.

"ನೀವು ಉಶಿಯಾಮ-ಸಾನ್ ಅಲ್ವಾ? ನಮ್ಮೆಜಮಾನ್ರ ಅಂತ್ಯಕ್ರಿಯೆಗೆ ಬಂದು ಹೊರಗೆ ಮಳೆಯಲ್ಲೇ ನಿಂತಿದ್ರಿ. ಒಳಗೆ ಬರಲಿಲ್ಲ."

"ಬರೋ ಮುಖ ಇರಲಿಲ್ಲ."

"ಈಗ ಹೇಳಿ. ಸೋಮವಾರ ಏನಿದೆ?"

ಉಶಿಯಾಮ ಒಮ್ಮೆ ಕುವಾಬರನನ್ನು ನೋಡಿದ. ಕುವಾಬರ ಇನ್ನೂ ಬಗ್ಗಿಯೇ ಇದ್ದ.

"ಈ ಪ್ರೋಗ್ರಾಮ್ ಇನ್ನೊಂದು ಆಸ್ಪತ್ರೆಯಲ್ಲೂ ಇದೆ," ಎಂದ. "ನದಿ ಮೇಲ್ಗಡೆಯ ಊರಲ್ಲಿ. ಮಾರ್ಚ್ ಮೂವತ್ತಕ್ಕೆ ಹಾಕಿದ್ವಿ. ಆರ್ಥಿಕ ವರ್ಷ ಮುಗಿಯೋಕೆ ಒಂದು ದಿನ ಮುಂಚೆ. ಆಗ ಕಾರಣ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಏಪ್ರಿಲ್ ಎರಡಕ್ಕೆ ನಾನು ಹುಡುಕಿದೆ. ನಿಮ್ಮೆಜಮಾನ್ರು ಇದ್ದ ಆಸ್ಪತ್ರೆಯಲ್ಲಿ ಅವತ್ತೇ ಸರಿ ಮಾಡಿದ್ವಿ. ಅಲ್ಲಿ ಮಾಡಿಲ್ಲ."

"ಮಾಡಿಲ್ಲ ಅಂದ್ರೆ?" ಎಂದೆ.

"ಅದೇ ಸಾಲು ಇನ್ನೂ ಓಡ್ತಿದೆ. ಕಾರಣ ಗೊತ್ತಾಗಿ ಇವತ್ತಿಗೆ ಎಂಟು ದಿನ."

ಇದೇ ಕೋಣೆಯಲ್ಲಿ ಮಧ್ಯಾಹ್ನದಿಂದ ಕೂತಿದ್ದೆ ನಾನು. ಎರಡು ಹಾಳೆ, ಒಂದು ಮೊಹರು ಎಂದುಕೊಂಡು ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತಿದ್ದೆ. ಇನ್ನೊಂದು ಕಡೆ ಎಲ್ಲಾದರೂ ಹಾಕಿದ್ದೀರಾ ಎಂಬ ಒಂದು ಪ್ರಶ್ನೆ ನನಗೆ ತೋಚಲಿಲ್ಲ. ನಾನೂ ಸತ್ತವರನ್ನೇ ನೋಡುತ್ತಿದ್ದೆ, ಇನ್ನೂ ಬದುಕಿರುವವರನ್ನಲ್ಲ.

ಕುವಾಬರ ನೆಟ್ಟಗಾದ. "ಅಲ್ಲಿಗೆ ತಿಳಿಸಬೇಕಾದ್ರೆ ಕಾರಣ ಬರೆದು ಕೊಡ್ಬೇಕು, ತೊಕುನಾಗ-ಸಾನ್. ತನಿಖೆ ಮುಗಿಯದೆ ಕಾರಣ ಬರೆದ್ರೆ ಕಂಪನಿಯೇ ಮುಚ್ಚಿಹೋಗುತ್ತೆ, ನೂರಾರು ಮನೆಗಳ ಪ್ರಶ್ನೆ. ಇದು ಒಬ್ಬರ ಕೈತಪ್ಪು ಅಂತ ಇವತ್ತು ಬರವಣಿಗೆಯಲ್ಲಿ ಆದ್ರೆ, ಸೋಮವಾರ ಮಾಮೂಲಿ ದುರಸ್ತಿ ಅಂತ ಹೇಳಿ ಅಲ್ಲೂ ಸರಿ ಮಾಡಿಬಿಡ್ತೀವಿ. ಮೂರೇ ದಿನ. ನೂರ ನಲವತ್ತು ಹಾಸಿಗೆಯ ಸಣ್ಣ ಆಸ್ಪತ್ರೆ ಅದು, ಅಂಥ ರೋಗಿ ಬರೋ ಸಾಧ್ಯತೆ..."

"ಅಂಥ ರೋಗಿ ನಮ್ಮೆಜಮಾನ್ರೂ ಒಬ್ರೇ ಇದ್ರು," ಎಂದರು ಸಯೊಕೊ.

ಕುವಾಬರನ ಕೈ ಮತ್ತೆ ಟೈಗೆ ಹೋಯಿತು.

ಉಶಿಯಾಮ ಈಗ ಅಳುತ್ತಿದ್ದ. ಮುಖ ಮುಚ್ಚಿಕೊಳ್ಳಲಿಲ್ಲ. "ನಾನೇ ಫೋನ್ ಮಾಡ್ಬಹುದಿತ್ತು. ಅಲ್ಲಿನ ವಾರ್ಡಿನ ನಂಬರ್ ನನ್ನ ಮೇಜಿನ ಮೇಲೇ ಇದೆ. ದಿನಾ ಬೆಳಿಗ್ಗೆ ನೋಡ್ತೀನಿ. ಕಚೋ ಕಾಯ್ಬೇಕು ಅಂದ್ರು, ಕಾಯ್ತಾ ಇದ್ದೆ. ಅವರನ್ನ ದಾಟಿ ಕೈ ಹೋಗಲಿಲ್ಲ. ಅದಕ್ಕೇ ನಾನು ತಪ್ಪಿತಸ್ಥ ಅಂತ ಬರೆದ್ರೆ ಅದು ಸುಳ್ಳಲ್ಲ. ನನಗೆ ಸಹಿ ಹಾಕೋಕೆ ಬಿಡಿ. ಸೋಮವಾರ ಆದ್ರೂ ಆಗಲಿ."

ಸಯೊಕೊ ಕೈ ಚಾಚಿ, ಅವನು ಬರೆಯುತ್ತಿದ್ದ ಹಾಳೆಯನ್ನು ತಮ್ಮ ಕಡೆ ಎಳೆದು, ಓದದೆ, ಮತ್ತೆ ಅವನ ಮುಂದಕ್ಕೇ ತಳ್ಳಿದರು.

"ನಿಮ್ಮ ಸಹಿ ನನಗೆ ಬೇಡ. ನಂಬರ್ ಬರೀರಿ."

"ತೊಕುನಾಗ-ಸಾನ್, ದಯವಿಟ್ಟು," ಎಂದು ಕುವಾಬರ ಒಂದು ಹೆಜ್ಜೆ ಮುಂದಿಟ್ಟ. "ನಮ್ಮ ಕಡೆಯಿಂದ ಕ್ರಮಪ್ರಕಾರ..."

"ಅಲ್ಲೇ ನಿಲ್ಲು," ಎಂದೆ. ಇಪ್ಪತ್ತೇಳು ವರ್ಷಗಳಲ್ಲಿ ಅವನ ಮೇಲೆ ಆ ದನಿ ಎತ್ತಿರಲಿಲ್ಲ. ನಿಂತ.

ಉಶಿಯಾಮ ಪೆನ್ನನ್ನೇ ನೋಡುತ್ತಿದ್ದ. ಎಷ್ಟು ಹೊತ್ತು ಎಂದು ಹೇಳಲಾರೆ. ಬಹುಶಃ ಐದೇ ಸೆಕೆಂಡು. ಆಮೇಲೆ ತನ್ನ ತಪ್ಪೊಪ್ಪಿಗೆಯ ಆ ನೀಟಾದ ಸಾಲುಗಳ ಮೇಲೆಯೇ, ಅಡ್ಡಕ್ಕೆ, ದೊಡ್ಡ ಅಂಕಿಗಳಲ್ಲಿ ನಂಬರ್ ಬರೆದ. ಎಲ್ಲೂ ನೋಡಿಕೊಳ್ಳಲಿಲ್ಲ. ಬಾಯಿಪಾಠವಾಗಿತ್ತು.

ನಾನು ಮೇಜಿನ ಫೋನಿಗೆ ಕೈ ಹಾಕುವಷ್ಟರಲ್ಲಿ ಸಯೊಕೊ ಅದನ್ನು ಎಳೆದುಕೊಂಡಿದ್ದರು. ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರ್ ಒತ್ತಿದರು. ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿ ಒತ್ತಿದರು. ನಾಲ್ಕು ಸಲ ರಿಂಗಾಯಿತು.

"ಎರಡನೇ ಮಹಡಿ ವಾರ್ಡ್," ಎಂದಳು ಒಬ್ಬಳು ನರ್ಸ್. ಹಿಂದುಗಡೆ ತಳ್ಳುಗಾಡಿಯ ಚಕ್ರದ ಸದ್ದಿತ್ತು.

"ನಾನು ತೊಕುನಾಗ ಸಯೊಕೊ. ನೀವು ನನ್ನನ್ನ ಬಲ್ಲೋರಲ್ಲ. ಹದಿಮೂರು ದಿನದ ಹಿಂದೆ ಪೆನಿಸಿಲಿನ್ ಇಂಜೆಕ್ಷನ್ನಿಂದ ನನ್ನ ಗಂಡ ಹೋದ್ರು. ಅವರಿಗೆ ಅದು ಆಗೋದಿಲ್ಲ ಅನ್ನೋ ಸಾಲು ವಾರ್ಡಿನ ಹಾಳೆಯಲ್ಲಿ ಬಿಟ್ಟುಹೋಗಿತ್ತು. ನಿಮ್ಮಲ್ಲಿರೋದೂ ಅದೇ ಕಂಪ್ಯೂಟರ್ ಪ್ರೋಗ್ರಾಮು. ನಿಮ್ಮ ಹಾಳೆಯಲ್ಲಿ ಅಲರ್ಜಿ ಸಾಲು ಇಲ್ಲ ಅಂದ್ರೆ, ರೋಗಿಗೆ ಅಲರ್ಜಿ ಇಲ್ಲ ಅಂತ ಅರ್ಥ ಅಲ್ಲ. ನಾನು ಹೇಳ್ತಿರೋದು ಅರ್ಥ ಆಗ್ತಿದ್ಯಾ?"

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಇದನ್ನ ನಮಗೆ ಕಂಪನಿಯವರು ಯಾಕೆ..."

"ಕಂಪನಿಯವರು ನನ್ನ ಪಕ್ಕದಲ್ಲೇ ನಿಂತಿದ್ದಾರೆ. ಅದು ಆಮೇಲೆ. ಇವತ್ತು ಯಾರಿಗಾದ್ರೂ ಆ ಔಷಧಿ ಕೊಡ್ತಿದ್ದೀರಾ?"

"ಇವತ್ತು..." ಕಾಗದ ತಿರುವುವ ಸದ್ದು. "ಬೆಳಿಗ್ಗೆ ಸೇರಿದವರು ಒಬ್ರಿದ್ದಾರೆ. ಮೂರು ಗಂಟೆಗೆ ಇಂಜೆಕ್ಷನ್ನು. ಹಾಳೆಯಲ್ಲಿ ಏನೂ ಬರೆದಿಲ್ಲ, ಖಾಲಿ ಇದೆ. ಈಗ ತಾನೆ ಗಾಡಿ ಐದನೇ ಕೋಣೆಗೆ..."

ನಾವೆಲ್ಲರೂ ಗೋಡೆಯ ಗಡಿಯಾರ ನೋಡಿದೆವು. ಮೂರಾಗಿ ಎರಡು ನಿಮಿಷವಾಗಿತ್ತು.

ರಿಸೀವರ್ ಯಾವುದೋ ಗಟ್ಟಿ ಜಾಗಕ್ಕೆ ಬಿದ್ದ ಸದ್ದು ಬಂತು. ಆಮೇಲೆ ಓಡುವ ಹೆಜ್ಜೆಗಳು, ಯಾರದೋ ಹೆಸರು ಹಿಡಿದು ಕೂಗಿದ್ದು, ಒಂದು ಬಾಗಿಲು. ಉಶಿಯಾಮ ಎದ್ದು ನಿಂತಿದ್ದ. ಫೋನಿನಲ್ಲಿ ತಳ್ಳುಗಾಡಿಯ ಸದ್ದೂ ಈಗ ಕೇಳಿಸುತ್ತಿರಲಿಲ್ಲ.